ಗಿಳಿಯ ಬಾಯಲ್ಲಿ ಯಾರ ಮಾತು?

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಒಬ್ಬ ಮುದುಕರು ಕೆಮ್ಮುತ್ತಾರೆ. ಮೊದಲು ಎರಡು ಸಣ್ಣ ಕೆಮ್ಮು, ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಉದ್ದನೆಯ ಸದ್ದು, ಅದರ ಹಿಂದೆಯೇ ಸ್ಟೀಲ್ ಲೋಟದಲ್ಲಿ ಚಮಚ ತಿರುವಿದ ಕಿಣಿಕಿಣಿ. ಕೊನೆಗೆ ಒಬ್ಬ ಹೆಂಗಸಿನ ದನಿಯಲ್ಲಿ, "ಯೋ, ಯೋ." ಆ ಮುದುಕರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರು ನಮ್ಮ ನೆಂಟರೂ ಅಲ್ಲ. ಕೆಮ್ಮುವುದು ಜೋಜೋ ಎಂಬ ಬೂದು ಬಣ್ಣದ, ಕೆಂಪು ಬಾಲದ ಆಫ್ರಿಕನ್ ಗ್ರೇ ಗಿಳಿ.

ಮುದುಕರು ಮತ್ತು ಅವರ ಹೆಂಡತಿ ನಮ್ಮ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿದ್ದರು. ನಾವು ಅವರನ್ನು ಅಂಕಲ್, ಆಂಟಿ ಎಂದೇ ಕರೆಯುತ್ತಿದ್ದೆವು. ಲಿಫ್ಟಿನಲ್ಲಿ ಸಿಕ್ಕಾಗ ನಗುವುದು, ಹಬ್ಬಕ್ಕೆ ಪಾಯಸ ಕೊಟ್ಟು ಕಳಿಸುವುದು, ಅಷ್ಟೇ ಪರಿಚಯ. ಅಂಕಲ್ ಹೋದ ಮೇಲೆ ಕೆನಡಾದಲ್ಲಿದ್ದ ಮಗ ಬಂದು ಆಂಟಿಯನ್ನು ಕರೆದುಕೊಂಡು ಹೊರಟ. ಗಿಳಿಯನ್ನು ಒಯ್ಯುವುದಕ್ಕೆ ಬೇಕಾದ ಕಾಗದಪತ್ರಗಳ ಗೋಜು ನೋಡಿ ಕೈಬಿಟ್ಟರು. ನಮ್ಮ ಮನೆಯಲ್ಲಿ ಆಗಲೇ ಹಕ್ಕಿಗಳಿದ್ದವಲ್ಲ, ಹಾಗಾಗಿ ಆಂಟಿ ಒಂದು ಸಂಜೆ ಬಾಗಿಲು ತಟ್ಟಿ, "ಇವನೊಬ್ಬನನ್ನು ಇಟ್ಟುಕೊಳ್ತೀಯಾಮ್ಮ?" ಎಂದರು. ಮಗುವನ್ನು ಹಾಸ್ಟೆಲಿಗೆ ಬಿಡುವವರ ಹಾಗೆ ಒಂದು ಚೀಟಿಯಲ್ಲಿ ಏನು ತಿನ್ನುತ್ತಾನೆ, ಯಾವುದಕ್ಕೆ ಹೆದರುತ್ತಾನೆ ಎಂದೆಲ್ಲ ಬರೆದುಕೊಟ್ಟರು. ಚೀಟಿಯಲ್ಲಿ ಕೆಮ್ಮಿನ ವಿಷಯ ಇರಲಿಲ್ಲ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಮೊದಲ ವರ್ಷದ ಮಕ್ಕಳಿಗೆ ಶಾಸನ, ನಾಣ್ಯ, ಪ್ರವಾಸಿಗರ ಬರಹ ಎಂದು ಆಕರಗಳ ಪಟ್ಟಿ ಬರೆಸುವುದು ನನ್ನ ಪ್ರತಿವರ್ಷದ ಕೆಲಸ. ಜೋಜೋ ಬಂದ ಮೇಲೆ ಆ ಪಟ್ಟಿಗೆ ಇನ್ನೊಂದು ಸೇರಿಸಬೇಕು ಅನ್ನಿಸತೊಡಗಿತು. ನಾನು ಎಂದೂ ಒಳಗೆ ಕೂತು ಕಾಫಿ ಕುಡಿಯದ ಒಂದು ಮನೆಯ ದಿನಚರಿ ನನಗೆ ಈ ಹಕ್ಕಿಯಿಂದ ತಿಳಿಯಿತು. ಮೂರು ವಿಸಿಲಿಗೆ ಕುಕ್ಕರ್ ಇಳಿಸುತ್ತಿದ್ದರು. ಮಧ್ಯಾಹ್ನ ಯಾರೋ "ಜವಣ ಜಾಲ್ಲೇ?" ಎಂದು ಫೋನಿನಲ್ಲಿ ಕೇಳುತ್ತಿದ್ದರು. ಅದು ಕೊಂಕಣಿ, ಊಟ ಆಯಿತಾ ಎಂದು ಅರ್ಥ ಎನ್ನುವುದನ್ನು ನನಗೆ ಹೇಳಿದ್ದು ಕಾರ್ಕಳದ ಕಡೆಯ ಒಬ್ಬ ಸಹೋದ್ಯೋಗಿ. ನನಗೆ ಬಾರದ ಭಾಷೆಯನ್ನು ನನ್ನ ಮನೆಯ ಹಕ್ಕಿ ಮಾತಾಡುತ್ತಿತ್ತು.

ಜೋಜೋ ಬರುವ ಮೊದಲೇ ಇದ್ದದ್ದು ಜೀರಿಗೆ ಎಂಬ ಕಾಕಟೀಲ್ ಮತ್ತು ಎರಡು ಬಜರಿಗರ್. ಈ ಬಜರಿಗರ್‌ಗಳನ್ನೇ ನಮ್ಮೂರುಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಜರಿಗರ್ ಆಸ್ಟ್ರೇಲಿಯಾದ್ದು. ಆ ಹೆಸರೂ ಅಲ್ಲಿನ ಮೂಲನಿವಾಸಿಗಳ ಭಾಷೆಯಿಂದಲೇ ಬಂದದ್ದು. ಒಣ ಬಯಲಿನಲ್ಲಿ ಮಳೆ ಬಿದ್ದ ಕಡೆಗೆ ಸಾವಿರಾರು ಸಂಖ್ಯೆಯಲ್ಲಿ ಹಾರಿ ಹೋಗುವ ಅಲೆಮಾರಿ ಹಕ್ಕಿ. ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಜೀವಂತ ಜೋಡಿಯೊಂದನ್ನು ಇಂಗ್ಲೆಂಡಿಗೆ ಒಯ್ದ. ಆಮೇಲೆ ಯೂರೋಪಿನ ಪಂಜರಗಳಲ್ಲಿ ಅವು ತಲೆಮಾರುಗಟ್ಟಲೆ ಮರಿಮಾಡಿ, ಹಸಿರು ಬಣ್ಣದ ಹಕ್ಕಿ ನೀಲಿ, ಹಳದಿ, ಬಿಳಿಯಾಗಿ ಲೋಕವೆಲ್ಲ ಹಬ್ಬಿತು. ನಮ್ಮ ಮನೆಯ ಎರಡಕ್ಕೂ ಆಸ್ಟ್ರೇಲಿಯಾದ ಮಳೆ ಗೊತ್ತಿಲ್ಲ. ಅವುಗಳ ಅಜ್ಜಂದಿರ ಅಜ್ಜಂದಿರಿಗೂ ಗೊತ್ತಿರಲಿಕ್ಕಿಲ್ಲ. ಆದರೂ ಬೆಂಗಳೂರಿನಲ್ಲಿ ಮುಂಗಾರಿನ ಮೊದಲ ಮಳೆ ಸುರಿದ ದಿನ ಇಬ್ಬರೂ ಕಂಬಿಗೆ ಅಂಟಿಕೊಂಡು ಕೂಗಿ ಕೂಗಿ ಸುಸ್ತಾಗುತ್ತಾರೆ.

ಇಷ್ಟು ಬೇರೆ ಬೇರೆ ಹಿನ್ನೆಲೆಯವರನ್ನು ಒಂದು ಸೂರಿನಡಿ ಸಂಭಾಳಿಸುವುದು ಕೂಡುಕುಟುಂಬ ನಡೆಸಿದ ಹಾಗೆ. ಜೋಜೋನ ಕೊಕ್ಕು ಬಾದಾಮಿ ಒಡೆಯುತ್ತದೆ, ಬಜರಿಗರ್‌ನ ಕಾಲು ಬೆಂಕಿಕಡ್ಡಿಯಷ್ಟು ಸಣ್ಣ. ಹಾಗಾಗಿ ಒಂದೇ ಕೋಣೆಯಲ್ಲಿ ಇಬ್ಬರನ್ನೂ ಬಿಡುವ ಹಾಗಿಲ್ಲ. ಜೋಜೋ ಮತ್ತು ಜೀರಿಗೆಯ ಮೈಯಿಂದ ಹಿಟ್ಟಿನಂಥ ಬಿಳಿ ಪುಡಿ ಉದುರುತ್ತದೆ. ಪುಸ್ತಕದ ಕಪಾಟನ್ನು ದಿನಾ ಒರೆಸಬೇಕು. ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ ಎಂದು ತಿಳಿದ ದಿನ ಅತ್ತೆಯ ಕಾಲದ ಕಬ್ಬಿಣದ ಕಾವಲಿ ಮತ್ತೆ ಒಲೆಯೇರಿತು. ಬಜರಿಗರ್‌ಗಳಿಗೆ ನವಣೆ, ಜೀರಿಗೆಗೆ ಸೊಪ್ಪು, ಜೋಜೋಗೆ ಹಸಿಮೆಣಸಿನಕಾಯಿ. ಹಕ್ಕಿಗಳಿಗೆ ಖಾರ ತಾಗುವುದಿಲ್ಲ. ನಾವು ನೀರಿಗೆ ಓಡುವ ಕಾಯಿಯನ್ನು ಅವು ಸೌತೆಕಾಯಿಯಂತೆ ಮೆಲ್ಲುತ್ತವೆ. ಗಿಳಿ ಎಂದರೆ ಮೆಣಸಿನಕಾಯಿ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಎಷ್ಟು ಹಳೆಯದೆನ್ನಿಸಿದರೂ, ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದದ್ದು. ಬೇಲೂರಿನ ಶುಕಭಾಷಿಣಿಯ ಕೈಮೇಲೆ ಕೂತ ಗಿಳಿಗೆ ಆ ಕಾಯಿ ಗೊತ್ತೇ ಇರಲಿಲ್ಲ.

ಜೀರಿಗೆ ಪರದೆ ಕಚ್ಚಿದಾಗಲೆಲ್ಲ ನಾನು "ಜೀರಿಗೇ, ಬೇಡ!" ಎಂದು ಗದರುತ್ತಿದ್ದೆ. ಎರಡು ತಿಂಗಳಿಗೆ ಜೋಜೋ ನನ್ನ ಕೆಲಸ ವಹಿಸಿಕೊಂಡ. ಈಗ ನಾನು ಕಾಲೇಜಿನಲ್ಲಿದ್ದಾಗಲೂ ಜೀರಿಗೆಗೆ ಬೈಗುಳ ತಪ್ಪುವುದಿಲ್ಲ.

*

ಗಿಳಿಯ ಜೊತೆ ನನ್ನ ಒಡನಾಟ ಇಲ್ಲಿಂದ ಶುರುವಾದದ್ದಲ್ಲ. ಶಿಕಾರಿಪುರದ ಕಡೆಯ ಹಳ್ಳಿಯಲ್ಲಿ, ಅಜ್ಜಿಯ ಮನೆಯಲ್ಲಿ, 80ರ ದಶಕದಲ್ಲಿ ಒಂದು ಗಿಳಿಯಿತ್ತು. ಗಾಳಿಮಳೆಗೆ ಸುಳಿ ಸತ್ತ ತೆಂಗಿನ ಮರವೊಂದು ಉರುಳಿದಾಗ ಅದರ ಪೊಟರೆಯಲ್ಲಿ ಮೂರು ಮರಿ ಸಿಕ್ಕವಂತೆ. ಎರಡು ಸತ್ತವು. ಉಳಿದದ್ದಕ್ಕೆ ಅಜ್ಜಿ ಹತ್ತಿಯ ಬತ್ತಿಯಲ್ಲಿ ಹಾಲು ಹಿಂಡಿ, ನೆನೆಸಿದ ಕಡಲೆಬೇಳೆ ಅರೆದು ಬಾಯಿಗಿಟ್ಟು ಬದುಕಿಸಿದರು. ಹೆಸರು ರಾಮ. ಕೊರಳಿಗೆ ಗುಲಾಬಿ ಪಟ್ಟಿ ಬರುತ್ತದೆಂದು ಎಲ್ಲರೂ ಕಾದರು. ಗಂಡಿಗೆ ಅದು ಮೂರನೆಯ ವರ್ಷದ ಹೊತ್ತಿಗೆ ಮೂಡುತ್ತದೆ. ನಾಲ್ಕಾದರೂ ಬರಲಿಲ್ಲ. ರಾಮ ಹೆಣ್ಣು. "ಸೀತೆ ಅಂತ ಕರೆದ್ರಾಯ್ತಪ್ಪ" ಎಂದು ಅಜ್ಜಿ ಪ್ರಯತ್ನಪಟ್ಟರು. ಆದರೆ ಹಕ್ಕಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವಷ್ಟು ಕಲಿತಿತ್ತು, ಬಿಡಲಿಲ್ಲ.

ಅಜ್ಜನ ವ್ಯವಹಾರ ಬೇರೆ. ಜೋಳದ ತೆನೆ ಹಾಲುಕಟ್ಟುವ ಹೊತ್ತಿಗೆ ಅವರು ಮಂಚಿಗೆಯ ಮೇಲೆ ನಿಂತು ಕವಣೆ ಬೀಸಿ ಗಿಳಿಗಳ ಹಿಂಡನ್ನು ಅಟ್ಟುತ್ತಿದ್ದರು. ಸಂಜೆ ಮನೆಗೆ ಬಂದು, ಹೊಲದಿಂದ ತಂದ ಒಂದು ತೆನೆಯನ್ನು ರಾಮನ ಪಂಜರಕ್ಕೆ ಸಿಕ್ಕಿಸುತ್ತಿದ್ದರು. ಹೊಲದಲ್ಲಿ ಕಳ್ಳ, ಮನೆಯಲ್ಲಿ ಮಗು. ಇದರಲ್ಲಿ ವಿರೋಧವಿದೆಯೆಂದು ಅವರಿಗಾಗಲಿ ನಮಗಾಗಲಿ ಎಂದೂ ಅನ್ನಿಸಿರಲಿಲ್ಲ.

ಕನ್ನಡದ ಮಾತಿನಲ್ಲೂ ಗಿಳಿ ಹೀಗೆ ಎರಡೂ ಕಡೆ ಸಲ್ಲುತ್ತದೆ. ಮುದ್ದಾದ ಹುಡುಗಿ ಅರಗಿಣಿ, ಅರ್ಥವಾಗದೆ ಒಪ್ಪಿಸುವವನ ಓದು ಗಿಳಿಪಾಠ. ತಾಳ್ಮೆಯಿಂದ ಬಿಡಿಸಿ ಹೇಳಿದರೆ ಗಿಣಿಗೆ ಹೇಳಿದ ಹಾಗೆ ಹೇಳಿದೆ ಎನ್ನುತ್ತೇವೆ. ಚೆನ್ನಾಗಿ ಬೆಳೆಸಿದ ಮಗಳನ್ನು ಕೆಟ್ಟ ಮನೆಗೆ ಕೊಟ್ಟರೆ ಗಿಣಿ ಸಾಕಿ ಹದ್ದಿನ ಕೈಗೆ ಕೊಟ್ಟ ಹಾಗೆ. ಮಾವಿನಕಾಯಿಗೂ ಗಿಣಿಮೂತಿ. ಗೋವಿಂದ ಪೈಗಳು 1930ರ ತಮ್ಮ ಸಂಕಲನಕ್ಕೆ 'ಗಿಳಿವಿಂಡು' ಎಂದು ಹೆಸರಿಟ್ಟರು. ಜಾತ್ರೆಯಲ್ಲಿ ಗಿಣಿಶಾಸ್ತ್ರದವನ ಹಕ್ಕಿ ಪೆಟ್ಟಿಗೆಯಿಂದ ಹೊರಬಂದು ಒಂದು ಚೀಟಿ ಎಳೆದು ಮತ್ತೆ ಪೆಟ್ಟಿಗೆಗೆ ಹೋಗುತ್ತದೆ, ಅದು ಎಳೆದದ್ದು ನಮ್ಮ ಹಣೆಬರಹ. ದಾಸರ ಪದದಲ್ಲಿ ದೇಹ ಪಂಜರವಾದರೆ ಪ್ರಾಣ ಗಿಳಿ. ಅಡುಗೂಲಜ್ಜಿ ಕತೆಯ ರಾಕ್ಷಸನ ಪ್ರಾಣವೂ ಏಳು ಸಮುದ್ರದಾಚೆಯ ಗಿಳಿಯೊಳಗೆ. ಒಂದು ಹಕ್ಕಿಗೆ ಇಷ್ಟೆಲ್ಲ ಹೊರಿಸಿದ್ದು ಅದು ಮಾತಾಡುತ್ತದೆ ಎಂಬ ಒಂದೇ ಕಾರಣಕ್ಕೆ.

*

ಈ ಮಾತು ಲೋಕದ ಬರಹದಲ್ಲಿ ಕಾಣಿಸಿಕೊಳ್ಳುವುದು ಬಹಳ ಹಿಂದೆ, ಅದೂ ನಮ್ಮ ಹಕ್ಕಿಯ ಮೂಲಕ. ಕ್ರಿಸ್ತಪೂರ್ವ 400ರ ಸುಮಾರಿಗೆ ಪರ್ಷಿಯಾದ ಅರಮನೆಯಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕ ಭಾರತದ ಬಗ್ಗೆ ಒಂದು ಪುಸ್ತಕ ಬರೆದ. ಅವನು ಭಾರತ ನೋಡಿದವನಲ್ಲ. ಪುಸ್ತಕವೂ ಉಳಿದಿಲ್ಲ, ಒಂಬತ್ತನೆಯ ಶತಮಾನದಲ್ಲಿ ಒಬ್ಬರು ಮಾಡಿಟ್ಟ ಸಾರಾಂಶವಿದೆ. ವಿಚಿತ್ರ ಪ್ರಾಣಿಗಳ ಕಟ್ಟುಕತೆಗಳೇ ತುಂಬಿದ ಆ ಬರಹದಲ್ಲಿ ಒಂದು ಹಕ್ಕಿಯ ವರ್ಣನೆ ಮಾತ್ರ ಹೆಚ್ಚುಕಡಿಮೆ ನಿಜ. ಕೆಂಪು ಮುಖ, ಕಪ್ಪು ಗಡ್ಡ, ಮನುಷ್ಯರ ದನಿ. ಅದು ಭಾರತದ ಭಾಷೆಯನ್ನು ಮಾತಾಡುತ್ತದೆ, ಗ್ರೀಕ್ ಕಲಿಸಿದರೆ ಗ್ರೀಕನ್ನೂ ಆಡುತ್ತದೆ ಎನ್ನುತ್ತಾನೆ. ಅದು ನಮ್ಮ ಕೆಂದಲೆ ಗಿಳಿ ಇರಬಹುದೆಂದು ತಿಳಿದವರ ಊಹೆ. ನಾನು ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಭಾರತದ ಭಾಷೆ ಅಂದ್ರೆ ಯಾವುದು?" ಒಳ್ಳೆಯ ಪ್ರಶ್ನೆ. ಎರಡೂಕಾಲು ಸಾವಿರ ವರ್ಷಕ್ಕೂ ಹಿಂದೆ ಪರ್ಷಿಯಾ ಮುಟ್ಟಿದ ಆ ಹಕ್ಕಿ ಯಾವ ಮನೆಯ, ಯಾವ ಹೆಂಗಸಿನ, ಯಾವ ಮಾತನ್ನು ಹೊತ್ತು ಹೋಗಿತ್ತೋ! ಕ್ಟೀಸಿಯಸ್‌ಗೆ ಅದೆಲ್ಲ ಒಂದೇ ಭಾರತ.

ಅಲೆಗ್ಸಾಂಡರ್ ಬಂದು ಹೋದ ಮೇಲೆ ಭಾರತದ ಗಿಳಿ ಗ್ರೀಸ್, ರೋಮ್‌ಗಳಲ್ಲಿ ಶ್ರೀಮಂತರ ಮನೆಯ ಆಸ್ತಿಯಾಯಿತು. ನಮ್ಮ ರಾಜಗಿಳಿಗೆ ಇಂಗ್ಲಿಷಿನಲ್ಲಿ ಇಂದಿಗೂ ಅವನದೇ ಹೆಸರು. ರೋಮನ್ ಕವಿ ಓವಿಡ್ ಪ್ರೇಯಸಿಯ ಗಿಳಿ ಸತ್ತಾಗ ಒಂದು ಚರಮಗೀತೆಯನ್ನೇ ಬರೆದ. ಒಂದನೆಯ ಶತಮಾನದ ಪ್ಲಿನಿ ಹೇಳುವುದು ಇನ್ನೊಂದು ಮುಖ: ಭಾರತದಿಂದ ಬರುವ ಹಸಿರು ಮೈಯ, ಕೊರಳಲ್ಲಿ ಕೆಂಪು ಪಟ್ಟಿಯ ಈ ಹಕ್ಕಿಯ ತಲೆ ಕೊಕ್ಕಿನಷ್ಟೇ ಗಟ್ಟಿಯಂತೆ, ಹಾಗಾಗಿ ಮಾತು ಕಲಿಸುವಾಗ ಕಬ್ಬಿಣದ ಸರಳಿನಿಂದ ಹೊಡೆಯಬೇಕಂತೆ, ಇಲ್ಲದಿದ್ದರೆ ಅದಕ್ಕೆ ಪೆಟ್ಟೇ ತಿಳಿಯದಂತೆ. ಹೊಡೆದು ಕಲಿಸುವ ಗಿಳಿಪಾಠದ ಇತಿಹಾಸ ಅಷ್ಟು ಹಳೆಯದು.

ನಮ್ಮ ಕಡೆ ಗಿಳಿಗೆ ಮಾತು ಕಲಿಸುವುದು ಒಂದು ಕಲೆ. ಕಾಮಸೂತ್ರದ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗಿಳಿ, ಗೊರವಂಕಗಳಿಗೆ ಮಾತು ಕಲಿಸುವುದೂ ಸೇರಿದೆ. ಶಂಕರರು ಮಂಡನಮಿಶ್ರರ ಮನೆ ಹುಡುಕಿಕೊಂಡು ಹೋದಾಗ, ಯಾವ ಮನೆಯ ಬಾಗಿಲಲ್ಲಿ ಗಿಳಿಗಳು ವೇದಪ್ರಾಮಾಣ್ಯದ ಚರ್ಚೆ ಮಾಡುತ್ತವೆಯೋ ಅದೇ ಎಂದು ನೀರು ತರುವ ಹೆಂಗಸರು ಗುರುತು ಹೇಳಿದರೆಂಬ ಕತೆಯಿದೆ. ಹಕ್ಕಿಯ ಮಾತಿನಿಂದ ಮನೆಯನ್ನು ಗುರುತಿಸುವ ಆ ವಿದ್ಯೆ ನನಗೂ ಈಗ ಸ್ವಲ್ಪ ಬಂದಿದೆ. ನಮ್ಮ ಗುರುತು ಮಾತ್ರ ಕುಕ್ಕರಿನ ಮೂರು ವಿಸಿಲು.

'ಶುಕಸಪ್ತತಿ'ಯ ಗಿಳಿ ಗಂಡ ಊರಿಗೆ ಹೋಗಿದ್ದಾಗ ಹೊಸಿಲು ದಾಟಲು ಹೊರಟ ಹೆಂಡತಿಯನ್ನು ಎಪ್ಪತ್ತು ರಾತ್ರಿ ಕತೆ ಹೇಳಿ ತಡೆಯುತ್ತದೆ. ಆ ಕತೆಯ ಬಗೆ 1330ರಲ್ಲಿ ನಖ್ಶಬಿಯ ಕೈಯಲ್ಲಿ ಪಾರಸಿಯ 'ತೂತಿನಾಮಾ' ಆಯಿತು, ಎಪ್ಪತ್ತು ರಾತ್ರಿ ಐವತ್ತೆರಡಾದವು. ಅಕ್ಬರನ ಚಿತ್ರಕಾರರು ಅದಕ್ಕೆ ಬರೆದ ಚಿತ್ರಗಳ ಬಹುಭಾಗ ಇಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾಸಂಗ್ರಹಾಲಯದಲ್ಲಿದೆ. ಮಲಯಾಳದಲ್ಲಿ ಎಳುತ್ತಚ್ಚನ್ ರಾಮಾಯಣವನ್ನೇ ಗಿಳಿಯ ಬಾಯಿಂದ ಹೇಳಿಸಿದ, ಆ ಕಾವ್ಯಪ್ರಕಾರಕ್ಕೆ ಕಿಳಿಪ್ಪಾಟ್ಟು ಎಂದೇ ಹೆಸರಾಯಿತು.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಬಾಣಭಟ್ಟನ ಗಿಳಿ. ಏಳನೆಯ ಶತಮಾನದ ಅವನ 'ಕಾದಂಬರಿ'ಯನ್ನು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಕನ್ನಡಕ್ಕೆ ತಂದ. ಕಾದಂಬರಿಯೆಂದರೆ ನಮಗೆ ಪ್ರೇಮ, ವಿರಹ, ಜನ್ಮಾಂತರ. ಆದರೆ ಕತೆ ಆರಂಭವಾಗುವುದು ಶೂದ್ರಕ ರಾಜನ ಸಭೆಗೆ ಚಂಡಾಲ ಕನ್ಯೆಯೊಬ್ಬಳು ತಂದ ಪಂಜರದಿಂದ. ನೀನು ಎಲ್ಲಿಯವನು, ಹೇಗೆ ಇಲ್ಲಿಗೆ ಬಂದೆ ಎಂದು ರಾಜ ಕೇಳಿದಾಗ ವೈಶಂಪಾಯನನೆಂಬ ಆ ಗಿಳಿ ಮೊದಲು ಹೇಳುವುದು ತನ್ನ ಗೂಡಿನ ಕತೆ. ದೊಡ್ಡ ಬೂರುಗದ ಮರ, ಅದರ ಪೊಟರೆಗಳಲ್ಲಿ ಸಾವಿರಾರು ಗಿಳಿಗಳು. ಹುಟ್ಟುವಾಗಲೇ ತಾಯಿಯನ್ನು ಕಳಕೊಂಡ ಮರಿ, ರೆಕ್ಕೆ ಸೋತ ಮುದಿ ತಂದೆ. ಒಂದು ಬೆಳಿಗ್ಗೆ ಬೇಟೆಯ ಗದ್ದಲ. ಬೇಟೆಗಾರರ ಹಿಂದೆ ಉಳಿದ ಒಬ್ಬ ಮುದುಕ ಬೇಡ ಮರ ಹತ್ತಿ, ಹಣ್ಣು ಕೊಯ್ದ ಹಾಗೆ ಮರಿಗಳನ್ನು ತೆಗೆದು ಕುತ್ತಿಗೆ ಹಿಸುಕಿ ಕೆಳಕ್ಕೆ ಎಸೆಯುತ್ತಾನೆ. ತಂದೆ ತನ್ನ ರೆಕ್ಕೆಯಡಿ ಮರಿಯನ್ನು ಮುಚ್ಚಿಕೊಂಡು ಸಾಯುತ್ತದೆ. ತರಗೆಲೆಯ ಮೇಲೆ ಬಿದ್ದು ಉಳಿದ ಆ ಮರಿಯೇ ಈಗ ರಾಜನ ಮುಂದೆ ಮಾತಾಡುತ್ತಿದೆ.

ಪಂಜರದ ಗಿಳಿಯನ್ನು ಮುದ್ದಿಸಿದವರು ಬಹಳ. ಅದು ಪಂಜರಕ್ಕೆ ಹೇಗೆ ಬಂತೆಂದು ಕೇಳಿದವರು ಕಡಿಮೆ. ಬಾಣನ ರಾಜ ಕೇಳಿದ. ಗಿಳಿ ಕಲಿತ ಶ್ಲೋಕವನ್ನು ಒಪ್ಪಿಸುವುದರ ಜೊತೆಗೆ ತಾನು ಕಂಡದ್ದನ್ನು ಹೇಳಿತು.

*

ಸಮುದ್ರದಾರಿಗಳು ತೆರೆದ ಮೇಲೆ ಗಿಳಿಗಳ ಲೋಕ ಹಿಗ್ಗಿತು. ಅದಕ್ಕೂ ಮೊದಲೇ, 13ನೇ ಶತಮಾನದಲ್ಲಿ, ಈಜಿಪ್ಟಿನ ಸುಲ್ತಾನ ಸಾಮ್ರಾಟ ಎರಡನೆಯ ಫ್ರೆಡರಿಕ್‌ಗೆ ಒಂದು ಬಿಳಿ ಕಾಕಟೂ ಕಳಿಸಿದ್ದ. ಫ್ರೆಡರಿಕ್‌ನ ಡೇಗೆಬೇಟೆಯ ಗ್ರಂಥದ ಹಸ್ತಪ್ರತಿಯಲ್ಲಿ ಅದರ ಚಿತ್ರಗಳಿವೆ. ಆಸ್ಟ್ರೇಲಿಯಾ, ನ್ಯೂಗಿನಿಯ ಆಸುಪಾಸಿನ ಹಕ್ಕಿಯೊಂದು ಕೈಯಿಂದ ಕೈಗೆ ಸಾಗಿ ಕೈರೋ ದಾಟಿ ಸಿಸಿಲಿ ಮುಟ್ಟಿತ್ತು ಎಂದಾಯಿತು. 1492ರ ಅಕ್ಟೋಬರ್ 12ರಂದು ಕೊಲಂಬಸ್ ನೆಲ ಕಂಡ ದಿನ, ದ್ವೀಪದ ಜನ ಈಜಿಕೊಂಡು ಬಂದು ಕೊಟ್ಟದ್ದರಲ್ಲಿ ಹತ್ತಿಯ ನೂಲಿನ ಜೊತೆ ಗಿಳಿಗಳೂ ಇದ್ದವು. 1502ರ ಒಂದು ಪ್ರಸಿದ್ಧ ಪೋರ್ಚುಗೀಸ್ ನಕ್ಷೆಯಲ್ಲಿ ಬ್ರೆಜಿಲ್ ಇರಬೇಕಾದ ಕಡೆ ದೊಡ್ಡ ದೊಡ್ಡ ಗಿಳಿಗಳನ್ನು ಬರೆದಿದ್ದಾರೆ.

ಜೋಜೋನ ಪೂರ್ವಜರು ಹೊರಟದ್ದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡುಗಳಿಂದ. 15ನೇ ಶತಮಾನದಿಂದ ಪೋರ್ಚುಗೀಸರು ಚಿನ್ನ, ದಂತ ತುಂಬಿಕೊಂಡ ಕರಾವಳಿಯಲ್ಲೇ ಈ ಬೂದು ಗಿಳಿಗಳನ್ನೂ ಹಡಗಿಗೇರಿಸಿದರು. ಮನುಷ್ಯರನ್ನು ಸಂಕೋಲೆಯಲ್ಲಿ ಸಾಗಿಸಿದ್ದೂ ಅದೇ ಕರಾವಳಿಯಿಂದ. ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ, 1702ರಲ್ಲಿ ತೀರಿಕೊಂಡ ರಿಚ್ಮಂಡಿನ ಡಚೆಸ್ ಫ್ರಾನ್ಸಿಸ್ ಸ್ಟುವರ್ಟಳ ಮೇಣದ ಪ್ರತಿಮೆಯ ಜೊತೆ ಅವಳ ಬೂದು ಗಿಳಿಯನ್ನೂ ಹದಮಾಡಿ ಇಟ್ಟಿದ್ದಾರೆ. ಒಡತಿ ಹೋದ ಕೆಲವೇ ದಿನಕ್ಕೆ ಅದೂ ಸತ್ತಿತೆಂದು ಹೇಳುತ್ತಾರೆ. ಅದರ ಬಾಯಲ್ಲಿ ಅರಮನೆಯ ಎಷ್ಟು ಗುಟ್ಟುಗಳಿದ್ದವೋ, ಹುಲ್ಲು ತುಂಬಿದ ಹಕ್ಕಿ ಹೇಳುವುದಿಲ್ಲ.

ಹೇಳಿದ ಹಕ್ಕಿಯೊಂದಿದೆ. 1800ರಲ್ಲಿ ಜರ್ಮನ್ ವಿಜ್ಞಾನಿ ಅಲೆಗ್ಸಾಂಡರ್ ಫಾನ್ ಹಂಬೋಲ್ಟ್ ದಕ್ಷಿಣ ಅಮೆರಿಕದ ಒರಿನೋಕೊ ನದಿಯಲ್ಲಿ ಪ್ರಯಾಣ ಮಾಡುತ್ತಿದ್ದ. ಮೈಪುರೆಸ್ ಎಂಬಲ್ಲಿ ಜನ ಅವನಿಗೆ ಒಂದು ಮುದಿ ಗಿಳಿಯನ್ನು ತೋರಿಸಿದರು. ಅದು ಏನು ಹೇಳುತ್ತದೆಂದು ತಮಗೆ ಯಾರಿಗೂ ತಿಳಿಯದು ಎಂದರು. ಯಾಕೆಂದರೆ ಅದು ಆಡುತ್ತಿದ್ದದ್ದು ಅತುರೆಸ್ ಜನರ ಭಾಷೆ, ಆ ಜನ ಅಷ್ಟರಲ್ಲಿ ಅಳಿದುಹೋಗಿದ್ದರು. ಹಂಬೋಲ್ಟನ ಪ್ರವಾಸಕಥನದಲ್ಲಿ ಈ ಮಾತು ಬಂದುಹೋಗುವುದು ಒಂದೆರಡು ವಾಕ್ಯಗಳಲ್ಲಿ. ಆಮೇಲಿನವರು ಅದಕ್ಕೆ ರೆಕ್ಕೆಪುಕ್ಕ ಹಚ್ಚಿದರು. ನನಗೆ ಆ ಒಂದೆರಡು ವಾಕ್ಯವೇ ಸಾಕು. ಭಾಷೆಯ ಕೊನೆಯ ಉಚ್ಚಾರ ಒಂದು ಹಕ್ಕಿಯ ಗಂಟಲಲ್ಲಿ ಉಳಿದಿದೆ, ಕೇಳಿದವರಿಗೆ ಅದು ಸದ್ದು. "ಊಟ ಆಯಿತಾ" ಎಂದಿತ್ತೋ, ಯಾವುದೋ ಮಗುವಿನ ಹೆಸರಿತ್ತೋ ಯಾರಿಗೆ ಗೊತ್ತು? ಕೊಂಕಣಿ ಬಲ್ಲ ಸಹೋದ್ಯೋಗಿ ಸಿಗದಿದ್ದರೆ ಜೋಜೋನ ಮಾತೂ ನನಗೆ ಹಾಗೆಯೇ ಇರುತ್ತಿತ್ತು.

ಗಿಳಿ ಅರ್ಥವಿಲ್ಲದೆ ಒಪ್ಪಿಸುತ್ತದೆ ಎಂಬ ನಂಬಿಕೆಯನ್ನು ಅಲುಗಿಸಿದ್ದೂ ಒಂದು ಬೂದು ಗಿಳಿ. ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಶಿಕಾಗೋದ ಅಂಗಡಿಯೊಂದರಿಂದ ತಂದ ಅಲೆಕ್ಸ್, ನೂರರಷ್ಟು ಮಾತು ಕಲಿತು, ಬಣ್ಣ, ಆಕಾರ ಗುರುತಿಸಿ, ಎಣಿಸಿ, 'ಯಾವುದೂ ಇಲ್ಲ' ಎಂಬುದನ್ನೂ ಹೇಳಬಲ್ಲವನಾಗಿ 2007ರಲ್ಲಿ, 31ನೇ ವಯಸ್ಸಿನಲ್ಲಿ ಸತ್ತ. ಇನ್ನೂ ಸೋಜಿಗದ್ದು 2011ರಲ್ಲಿ ಕಾರ್ಲ್ ಬರ್ಗ್ ಮತ್ತು ಸಂಗಡಿಗರು ವೆನೆಜುವೆಲಾದ ಪುಟ್ಟ ಕಾಡುಗಿಳಿಗಳಲ್ಲಿ ಕಂಡದ್ದು. ಆ ಹಕ್ಕಿಗಳಲ್ಲಿ ಒಂದೊಂದಕ್ಕೂ ತನ್ನದೇ ಒಂದು ಕರೆಯಿದೆ, ಹೆಸರಿನ ಹಾಗೆ. ಸಂಶೋಧಕರು ಒಂದು ಗೂಡಿನ ಮೊಟ್ಟೆಗಳನ್ನು ಇನ್ನೊಂದರಲ್ಲಿಟ್ಟು ನೋಡಿದರು. ಮರಿಗಳ ಕರೆ ಹೆತ್ತವರ ಕರೆಯನ್ನು ಹೋಲದೆ ಸಾಕಿದವರ ಕರೆಯನ್ನು ಹೋಲಿತು. ಕಾಡಿನಲ್ಲಿ ಗಿಳಿ ಅನುಕರಿಸುವುದು ತನ್ನವರನ್ನು ಹತ್ತಿರ ಇಟ್ಟುಕೊಳ್ಳಲಿಕ್ಕೆ, ಹಿಂಡಿನೊಳಗೆ ತಾನೂ ಒಬ್ಬನಾಗಲಿಕ್ಕೆ. ಪಂಜರದಲ್ಲಿ ಅದರ ಹಿಂಡು ನಾವು. ನಾವು ಏನನ್ನು ಮತ್ತೆ ಮತ್ತೆ ಆಡುತ್ತೇವೋ ಅದೇ ಅದಕ್ಕೆ ಹಿಂಡಿನ ಮಾತು, ಕೆಮ್ಮಾದರೂ ಸರಿ.

*

ನನಗೆ ಹನ್ನೊಂದು ವರ್ಷವಿದ್ದಾಗ ಅಜ್ಜಿ ತೀರಿಕೊಂಡರು. ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೋದ ಮೇಲೆ, ಒಂದು ಬೆಳಿಗ್ಗೆ ಪಂಜರದಿಂದ ಅಜ್ಜಿಯ ದನಿ ಬಂತು: "ಪುಟ್ಟೀ, ಹಾಲು ಉಕ್ತು ನೋಡೇ!" ಅಮ್ಮ ಹಿತ್ತಲಲ್ಲಿದ್ದವಳು ಓಡಿ ಬಂದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅವಳು ಒಲೆಕಟ್ಟೆಗೆ ಒರಗಿ ಕೂತುಬಿಟ್ಟಳು. ಮಾರನೆಯ ದಿನವೂ ಹಾಗೆಯೇ, ಅದರ ಮಾರನೆಯ ದಿನವೂ. ಪಂಜರಕ್ಕೆ ಸೀರೆ ಮುಚ್ಚಿದರು, ಕೊಟ್ಟಿಗೆಗೆ ಒಯ್ದು ನೇತುಹಾಕಿದರು. ಸೀರೆ ಅಜ್ಜಿಯದೇ ಆಗಿತ್ತು, ಅದರ ವಾಸನೆಗೋ ಏನೋ ಹಕ್ಕಿ ಇನ್ನಷ್ಟು ಕೂಗಿತು.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಪಂಜರದ ಬಾಗಿಲು ತೆಗೆದೆ. ಶಾಲೆಯಲ್ಲಿ ಪಂಜರದ ಹಕ್ಕಿಯ ಸ್ವಾತಂತ್ರ್ಯದ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದವಳು ನಾನು. ಆದರೆ ಅಂದು ನನಗೆ ಬೇಕಾಗಿದ್ದದ್ದು ರಾಮನ ಬಿಡುಗಡೆಯಲ್ಲ, ಅಮ್ಮನ ಅಳು ನಿಲ್ಲುವುದು. ರಾಮ ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಆಮೇಲೆ ಹಾರಿ ಹೆಂಚಿನ ಮೇಲೆ ಕೂತು ಎರಡು ಸಲ "ಪುಟ್ಟೀ" ಎಂದಿತು. ಸಂಜೆ ನೋಡಿದರೆ ಇರಲಿಲ್ಲ. ಮರಿಯಿಂದ ಕೈತುತ್ತು ತಿಂದು ಬೆಳೆದ, ಹದ್ದು ಬೆಕ್ಕುಗಳ ಭಯ ಕಲಿಯದ ಹಕ್ಕಿ ಹೊರಗೆ ಎಷ್ಟು ದಿನ ಬದುಕುತ್ತದೆ ಎಂಬುದು ಇವತ್ತು ನನಗೆ ಗೊತ್ತು. ಯಾರು ಬಾಗಿಲು ತೆಗೆದರೆಂದು ಅಜ್ಜ ಕೇಳಲಿಲ್ಲ. ಖಾಲಿ ಪಂಜರದ ಬಟ್ಟಲಿಗೆ ಮಾತ್ರ ಅವರು ಇದ್ದಷ್ಟು ದಿನ ನೀರು ಹಾಕುತ್ತಿದ್ದರು. ನಾನು ಯಾರಿಗೂ ಹೇಳಿಲ್ಲ. ಅಮ್ಮ ಇದನ್ನು ಓದಿದರೆ ಈಗಲೇ ತಿಳಿಯಲಿ.

ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ರಾಮ ನಮ್ಮ ಮನೆಯಲ್ಲಿದ್ದಾಗಲೂ ಕಾಯಿದೆ ಇತ್ತು, ನಮ್ಮ ಹಳ್ಳಿಗೆ ಅದು ಮುಟ್ಟಿರಲಿಲ್ಲ. ಬಾಣನ ಮುದಿ ಬೇಡನ ಕಸುಬು ಇಂದಿಗೂ ನಿಂತಿಲ್ಲ, ಪೊಟರೆಯಿಂದ ಕಿತ್ತ ಮರಿಗಳು ಸಂತೆಗಳ ಹಿಂಬದಿಯಲ್ಲಿ ಸಿಗುತ್ತವೆ. ವಿದೇಶಿ ಹಕ್ಕಿಗಳಿಗೆ ಬೇರೆ ನಿಯಮ. 2024ರಿಂದ ಅಂಥವುಗಳಲ್ಲಿ ಪಟ್ಟಿಯಾದ ಜಾತಿಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಜೋಜೋನ ಕಾಲಿನ ಉಂಗುರದ ಸಂಖ್ಯೆ ಬರೆದು ನಾನೂ ಅರ್ಜಿ ತುಂಬಿದೆ. ಅವನು ಪಂಜರದಲ್ಲೇ ಹುಟ್ಟಿದವನು. ಅಷ್ಟರಿಂದ ನನ್ನ ಮನಸ್ಸು ಪೂರ್ತಿ ಹಗುರಾಗುವುದಿಲ್ಲ. ಅವನಂಥವರಿಗಾಗಿ ಬಲೆ ಬೀಸಿ ಬೀಸಿ, ಕಾಡನ್ನೂ ಕಡಿದು, ಘಾನಾದಲ್ಲಿ 90ರ ದಶಕದ ಆರಂಭದಿಂದ ಈಚೆಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬೂದು ಗಿಳಿಗಳು ಇಲ್ಲವಾದವು. ಕಾಡಿನ ಬೂದು ಗಿಳಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ದೇಶಗಳು ಸೇರಿ ನಿಷೇಧಿಸಿದ್ದು 2016ರಲ್ಲಿ. ಅಮೆರಿಕದ ಕ್ಯಾರೊಲೈನಾ ಗಿಳಿಗೆ ಆ ಭಾಗ್ಯವೂ ಬರಲಿಲ್ಲ. ಅದರ ಕೊನೆಯದು, ಇನ್ಕಾಸ್ ಎಂಬ ಗಂಡು, 1918ರ ಫೆಬ್ರವರಿ 21ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಜೋಜೋ ಆಂಟಿಯ ಜೊತೆ ಪ್ರತಿ ಭಾನುವಾರ ವಿಡಿಯೋ ಕಾಲಿನಲ್ಲಿ ಮಾತಾಡುತ್ತಾನೆ. ಮಾತಾಡುವುದೆಂದರೆ ಫೋನನ್ನು ಕಚ್ಚಲು ನೋಡುತ್ತಾನೆ. ಮೊದಲ ಸಲ ಅವನು ಕೆಮ್ಮಿದಾಗ ನಾನು ಗಾಬರಿಯಿಂದ ಫೋನ್ ಹಿಂದಕ್ಕೆ ಎಳೆದುಕೊಂಡೆ. ನನಗೆ ಒಲೆಕಟ್ಟೆಗೆ ಒರಗಿ ಕೂತ ಅಮ್ಮ ಕಂಡಿದ್ದಳು. ಆಂಟಿ, "ಬೇಡಮ್ಮ, ಅಲ್ಲೇ ಇಡು" ಎಂದರು. ಸುಮ್ಮನೆ ಕೇಳಿಸಿಕೊಂಡರು. ಕಣ್ಣು ಒದ್ದೆಯಾಗಿತ್ತು, ಆದರೆ ನಗುತ್ತಿದ್ದರು. "ಡಾಕ್ಟರ ಹತ್ರ ಹೋಗಿ ಅಂತ ದಿನಾ ಬೈತಿದ್ದೆ" ಎಂದರು. ಅಂದಿನಿಂದ ನಾನು ಕರೆಯ ಸಮಯವನ್ನು ನಮ್ಮ ಬೆಳಗಿನ ಆರಕ್ಕೆ ಹೊಂದಿಸಿದೆ. ಅಲ್ಲಿ ಆಗ ಹಿಂದಿನ ದಿನದ ರಾತ್ರಿ.

ಈ ಮಳೆಗಾಲದಿಂದ ಕೆಮ್ಮು ಕಡಿಮೆಯಾಗುತ್ತಿದೆ. ವಾರಕ್ಕೆ ಮೂರು ದಿನ ಇದ್ದದ್ದು ಒಂದಾಯಿತು. ಆ ಜಾಗದಲ್ಲಿ ನನ್ನ "ಆಯ್ತು, ಆಯ್ತು" ಬಂದಿದೆ, ಮಗಳ ಅಲಾರಂ ಬಂದಿದೆ, ಲೋಟದ ಚಮಚವೂ ಈಗ ನಮ್ಮದೇ ಲೋಟದ್ದು ಅನ್ನಿಸುತ್ತದೆ. ಜೋಜೋ ಹಿಂಡು ಬದಲಾಯಿಸುತ್ತಿದ್ದಾನೆ. ಒಂದು ಆಕರ ಕಣ್ಣೆದುರೇ ಅಳಿಸಿಹೋಗುವುದನ್ನು ಕಂಡ ಇತಿಹಾಸದ ಮೇಷ್ಟ್ರು ಮಾಡುವುದನ್ನೇ ನಾನೂ ಮಾಡಿದೆ. ಫೋನಿನಲ್ಲಿ ಮುದ್ರಿಸಿಕೊಂಡು, ಕಳಿಸಲೇ ಎಂದು ಆಂಟಿಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ನಿನ್ನ ಹತ್ರ ಇರಲಿ. ಅವನಿಗೆ ನೆನಪಾದಾಗ ಹೇಳಲಿ, ಇಲ್ಲದಿದ್ರೆ ಬಿಡಲಿ. ಬಲವಂತ ಮಾಡಬೇಡ."

ಬೂದು ಗಿಳಿಗಳು ನಲವತ್ತು, ಐವತ್ತು ವರ್ಷ ಬದುಕುತ್ತವೆ. ಜೋಜೋಗೆ ಈಗ ಹದಿನೆಂಟು, ನನಗೆ ಐವತ್ತರ ಹತ್ತಿರ. ಲೆಕ್ಕ ನೇರವಾಗಿದೆ. ಮಗಳು ಅವನನ್ನು ಇಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ. ಮೊನ್ನೆ ಒಂದು ಚೀಟಿ ಬರೆ ಎಂದಳು, ಏನು ತಿನ್ನುತ್ತಾನೆ, ಯಾವುದಕ್ಕೆ ಹೆದರುತ್ತಾನೆ ಎಂದು. ಬರೆದಿದ್ದೇನೆ. ಕೊನೆಯ ಸಾಲಿನಲ್ಲಿ, ಅಪರೂಪಕ್ಕೊಮ್ಮೆ ಬೆಳಿಗ್ಗೆ ಕೆಮ್ಮಿದರೆ ಗಾಬರಿಯಾಗಬೇಡ, ಅದು ಕೆಳಗಿನ ಮನೆಯ ಅಂಕಲ್ ಎಂದು ಸೇರಿಸಿದ್ದೇನೆ.